ಕೊರತೆ ಕಾಯ್ದೆಯದೋ, ಜಾರಿಯದೋ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಹತ್ತು ವರ್ಷಗಳ ಹಿಂದೆ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಈ ಅಂಕಣಕ್ಕೆ ಬರುತ್ತಿದ್ದ ಪತ್ರಗಳಲ್ಲಿ ಪಾಲು, ಪಹಣಿ, ಬದುವಿನ ಜಗಳಗಳೇ ತುಂಬಿರುತ್ತಿದ್ದವು. ಈಗ ಅದೇ ಊರುಗಳಿಂದ ಲಿಫ್ಟಿನ ದುರಸ್ತಿಗೆ ಹಣ ಕೊಡದ ನೆರೆಮನೆಯವರನ್ನು, ಕೀಲಿಕೈ ಕೊಟ್ಟು ಕಣ್ಮರೆಯಾದ ಬಿಲ್ಡರನ್ನು, ಉದ್ಯಾನದ ಜಾಗದಲ್ಲಿ ಎದ್ದ ಕಾಂಪೌಂಡನ್ನು ಕುರಿತ ಪತ್ರಗಳು ಬರುತ್ತಿವೆ. ಬಹುಪಾಲು ಪತ್ರಗಳ ಕೊನೆಯ ಸಾಲು ಒಂದೇ: ಇದಕ್ಕೊಂದು ಕಾನೂನು ತರುವಂತೆ ಸರ್ಕಾರದ ಮೇಲೆ ಒತ್ತಡ ಹೇರುವುದು ಹೇಗೆ? ಆ ಪತ್ರಗಳಲ್ಲಿ ಆಯ್ದ ಏಳಕ್ಕೆ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇನೆ. ಕೇಳಿದವರ ಹೆಸರುಗಳನ್ನು ಅವರ ಕೋರಿಕೆಯಂತೆ ಬಿಟ್ಟಿದ್ದೇನೆ.

ಪ್ರಶ್ನೆ: ನಮ್ಮದು 48 ಮನೆಗಳ ಅಪಾರ್ಟ್‌ಮೆಂಟ್. ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದ ನಿವಾಸಿಗಳ ಸಂಘವಿದೆ. ಆರು ಮನೆಯವರು ಮೂರು ವರ್ಷಗಳಿಂದ ನಿರ್ವಹಣಾ ಶುಲ್ಕ ಕೊಟ್ಟಿಲ್ಲ. ಕೇಳಿದರೆ ಯಾವ ಕಾನೂನಿನಲ್ಲಿದೆ ತೋರಿಸಿ ಎನ್ನುತ್ತಾರೆ. ಬಾಕಿ ವಸೂಲಿಗೆ ಕಾಯ್ದೆ ತರುವಂತೆ ಊರಿನ ಇತರ ಅಪಾರ್ಟ್‌ಮೆಂಟುಗಳನ್ನೂ ಸೇರಿಸಿಕೊಂಡು ಅಭಿಯಾನ ನಡೆಸಬೇಕೆಂದಿದ್ದೇವೆ. ಎಲ್ಲಿಂದ ಆರಂಭಿಸಬೇಕು?
— ಸಂಘದ ಕಾರ್ಯದರ್ಶಿ, ಬಳ್ಳಾರಿ

ಉತ್ತರ: ಆರು ಮನೆಯವರು ಕೇಳುವ ಕಾನೂನು ಐವತ್ತಕ್ಕೂ ಹೆಚ್ಚು ವರ್ಷ ಹಳೆಯದು. 1972ರಲ್ಲಿ ನಮ್ಮ ರಾಜ್ಯದಲ್ಲಿ ಒಂದೇ ಉಸಿರಿನಲ್ಲಿ ಎರಡು ಕಾಯ್ದೆಗಳು ಬಂದವು. ಫ್ಲ್ಯಾಟು ಕಟ್ಟಿ ಮಾರುವವರು ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಒಂದು ಹೇಳುತ್ತದೆ. ಕೊಂಡ ಮೇಲೆ ಮನೆಗಳ ಒಡೆತನ, ಸಾಮಾನ್ಯ ಭಾಗಗಳ ಹಕ್ಕು, ಸಂಘದ ಅಧಿಕಾರ ಹೇಗಿರಬೇಕೆಂಬುದನ್ನು ಇನ್ನೊಂದು, ಅಂದರೆ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ ಹೇಳುತ್ತದೆ. ಈ ಎರಡನೆಯದರ ಪ್ರಕಾರ ಸಾಮಾನ್ಯ ಖರ್ಚಿನಲ್ಲಿ ತನ್ನ ಪಾಲನ್ನು ಕೊಡದ ಮಾಲೀಕನ ಬಾಕಿಯು ಆತನ ಮನೆಯ ಮೇಲೆಯೇ ಋಣಭಾರವಾಗಿ ಕೂರುತ್ತದೆ. ಸರ್ಕಾರದ ಮತ್ತು ನಗರಾಡಳಿತದ ತೆರಿಗೆ ಹಾಗೂ ಮೊದಲ ಅಡಮಾನದ ಸಾಲ, ಇವೆರಡನ್ನು ಬಿಟ್ಟರೆ ಉಳಿದೆಲ್ಲ ಋಣಗಳಿಗಿಂತ ಅದಕ್ಕೆ ಆದ್ಯತೆಯಿದೆ. ಇಷ್ಟು ಗಟ್ಟಿಯಾದ ಹಿಡಿತ ಪುಸ್ತಕದಲ್ಲಿರುವಾಗ ಹೊಸದನ್ನು ಕೇಳುವ ಮೊದಲು ಇರುವುದು ನಿಮ್ಮ ಕೈಗೆ ಏಕೆ ಸಿಕ್ಕಿಲ್ಲ ಎಂದು ಕೇಳಿಕೊಳ್ಳಬೇಕು.

ಸಿಗದಿರಲು ಕಾರಣ ನಿಮ್ಮ ನೋಂದಣಿ. 1960ರ ಸಂಘಗಳ ನೋಂದಣಿ ಕಾಯ್ದೆಯು ಧರ್ಮಕಾರ್ಯ, ಶಿಕ್ಷಣ, ಸಾಹಿತ್ಯ, ಕ್ರೀಡೆಯಂಥ ಉದ್ದೇಶಗಳ ಸಂಸ್ಥೆಗಳಿಗಾಗಿ ಬಂದದ್ದು. ಏಳು ಜನ ಸೇರಿದರೆ ನೋಂದಣಿ ಆಗುತ್ತದೆ, ಖರ್ಚೂ ಕಡಿಮೆ. ಆದ್ದರಿಂದ ಬಿಲ್ಡರುಗಳೂ ನಿವಾಸಿಗಳೂ ಅದೇ ಹಾದಿ ಹಿಡಿದರು. ಆದರೆ ಆ ಸಂಘವು 1972ರ ಕಾಯ್ದೆಯ ಸಂಘಕ್ಕೆ ಸಾಟಿಯಾಗದು ಎಂಬ ನಿಲುವನ್ನು ನಮ್ಮ ರಾಜ್ಯದ ಉಚ್ಚ ನ್ಯಾಯಾಲಯ ತಳೆದಿದೆ. 1972ರ ಕಾಯ್ದೆಯ ಬಲ ಸಿಗಬೇಕಾದರೆ ಘೋಷಣಾ ಪತ್ರವೊಂದನ್ನು ಬರೆದು ನೋಂದಾಯಿಸಿ, ಕಟ್ಟಡವನ್ನು ಆ ಕಾಯ್ದೆಗೆ ಒಳಪಡಿಸಿ, ಅದರ ಉಪವಿಧಿಗಳಂತೆ ಸಂಘ ರಚಿಸಬೇಕು.

ನಿಮ್ಮ ಅಭಿಯಾನಕ್ಕೆ ನಿಜವಾದ ಆಹಾರ ಸಿಗುವುದು ಇಲ್ಲಿಯೇ. ಘೋಷಣಾ ಪತ್ರಕ್ಕೆ ಆ ಸ್ವತ್ತಿನ ಏಕೈಕ ಮಾಲೀಕ, ಇಲ್ಲವೇ ಎಲ್ಲ ಮಾಲೀಕರೂ ಸಹಿ ಹಾಕಬೇಕೆಂದು ಕಾಯ್ದೆ ಹೇಳುತ್ತದೆ. ಬಿಲ್ಡರು ಮಾರಾಟಕ್ಕೆ ಮೊದಲೇ ಸಹಿ ಮಾಡಿದ್ದರೆ ಕೆಲಸ ಸುಲಭವಾಗಿ ಮುಗಿಯುತ್ತಿತ್ತು. ಆತ ಮಾಡದೆ ಹೋದನೆಂದರೆ 48ರಲ್ಲಿ 47 ಮನೆಯವರು ಒಪ್ಪಿದರೂ ಒಬ್ಬನು ಕೈಕಟ್ಟಿ ಕುಳಿತರೆ ಕಟ್ಟಡವು ಕಾಯ್ದೆಯ ಹೊರಗೇ ಉಳಿಯುತ್ತದೆ. ಶುಲ್ಕ ಕೊಡದವನೇ, ಶುಲ್ಕ ವಸೂಲಿಯ ಕಾಯ್ದೆ ಒಳಗೆ ಬಾರದಂತೆ ಬಾಗಿಲಿಗೆ ಅಡ್ಡ ಮಲಗಬಹುದು! ಇದು ಜಾರಿಯ ಕೊರತೆಯಲ್ಲ, ಕಾಯ್ದೆಯದೇ ಕೊರತೆ. ಇದಕ್ಕೆ ಸೇರಿಕೊಂಡ ಇನ್ನೊಂದು ತೊಡಕೂ ಇದೆ. 2016ರ ರೇರಾ, ಅಂದರೆ ಸ್ಥಿರಾಸ್ತಿ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆಯ 17ನೇ ಪ್ರಕರಣವು (ಸೆಕ್ಷನ್) ಸಾಮಾನ್ಯ ಭಾಗಗಳ ಅವಿಭಜಿತ ಹಕ್ಕನ್ನು ಬಿಲ್ಡರು ನಿವಾಸಿಗಳ ಸಂಘಕ್ಕೆ ವರ್ಗಾಯಿಸಬೇಕೆನ್ನುತ್ತದೆ. 1972ರ ಕಾಯ್ದೆಯು ಅದೇ ಹಕ್ಕು ಒಬ್ಬೊಬ್ಬ ಮಾಲೀಕನ ಮನೆಗೆ ಅಂಟಿಕೊಂಡಿದೆ ಎನ್ನುತ್ತದೆ. ಇವೆರಡರ ನಡುವೆ ಉಪನೋಂದಣಾಧಿಕಾರಿ ಕಚೇರಿಯ ಮೇಜಿನ ಮುಂದೆ ನಿಂತು ಒದ್ದಾಡುವವರು ನಿಮ್ಮಂಥ ಕಾರ್ಯದರ್ಶಿಗಳು.

ಆದ್ದರಿಂದ ಬಾಕಿ ವಸೂಲಿಗೆ ಕಾಯ್ದೆ ಬೇಕು ಎಂಬ ಘೋಷಣೆಯನ್ನು ಬಿಡಿ. ಘೋಷಣಾ ಪತ್ರಕ್ಕೆ ಎಲ್ಲರ ಬದಲು ಇಂತಿಷ್ಟು ಪಾಲು ಮಾಲೀಕರ ಸಹಿ ಸಾಕೆಂದು ತಿದ್ದಬೇಕು, ಎರಡು ಕಾಯ್ದೆಗಳ ವೈರುಧ್ಯವನ್ನು ಒಂದು ಸಾಲಿನಲ್ಲಿ ಬಗೆಹರಿಸಬೇಕು, ಬಾಕಿಯ ದೂರನ್ನು ಇಂತಿಷ್ಟು ದಿನದೊಳಗೆ ತೀರ್ಮಾನಿಸುವ ಅಧಿಕಾರಿ ಜಿಲ್ಲೆಯಲ್ಲೇ ಇರಬೇಕು ಎಂದು ಕೇಳಿ. 1972ರ ಕಾಯ್ದೆಯ ಜಾಗದಲ್ಲಿ ಹೊಸದು ಬರಬೇಕೆಂದು ಬೆಂಗಳೂರಿನ ನಿವಾಸಿ ಸಂಘಗಳ ಒಕ್ಕೂಟಗಳು ವರ್ಷಗಳಿಂದ ಕೇಳುತ್ತಿವೆ, ಕರಡು ಮಸೂದೆಯ ಚರ್ಚೆಯೂ ನಡೆದಿದೆ. ಆದರೆ ಸಾವಿರ ಮನೆಗಳ ಗೋಪುರಗಳಲ್ಲಿ ವಾಸಿಸುವವರು ಬರೆಯುವ ಸಲಹೆಗಳಲ್ಲಿ, ಸಂಬಳದ ಮ್ಯಾನೇಜರ್ ಇಲ್ಲದ, ಕಾರ್ಯದರ್ಶಿಯೇ ನೀರಿನ ಮೋಟಾರು ಹಾಕುವ ಹನ್ನೆರಡು ಮನೆಗಳ ಕಟ್ಟಡ ಕಾಣಿಸುವುದು ಕಷ್ಟ. ಆ ಮಾತನ್ನು ಬಳ್ಳಾರಿಯವರು ಹೇಳದಿದ್ದರೆ ಬೇರೆ ಯಾರೂ ಹೇಳುವುದಿಲ್ಲ.

ಪ್ರಶ್ನೆ: ಬಿಲ್ಡರುಗಳು ಸಂಘಕ್ಕೆ ದಾಖಲೆ ಹಸ್ತಾಂತರಿಸದಿದ್ದರೆ ಶಿಕ್ಷೆಯಾಗುವಂತೆ ಕಾಯ್ದೆ ತಿದ್ದಬೇಕೆಂದು 300 ಸಹಿ ಸಂಗ್ರಹಿಸಿ, ಮೆರವಣಿಗೆಯಲ್ಲಿ ಹೋಗಿ ಶಾಸಕರಿಗೆ ಮನವಿ ಕೊಟ್ಟೆವು. ಪತ್ರಿಕೆಯಲ್ಲಿ ಫೋಟೊ ಬಂತು. ವರ್ಷವಾದರೂ ಉತ್ತರವಿಲ್ಲ. ನಾವು ಮಾಡಿದ ತಪ್ಪೇನು?
— ಬಡಾವಣೆ ಸಂಘಗಳ ಗೆಳೆಯರು, ರಾಯಚೂರು

ಉತ್ತರ: ತಪ್ಪು ಮಾಡಿಲ್ಲ, ಮೊದಲ ಮೆಟ್ಟಿಲಲ್ಲೇ ನಿಂತಿದ್ದೀರಿ. ಫೋಟೊ ಬಂದ ದಿನವೇ ಅಭಿಯಾನ ಮುಗಿದುಹೋಗುವುದು ನಮ್ಮ ಭಾಗದಲ್ಲಿ ಹೊಸದಲ್ಲ. ಆ ಮನವಿ ಈಗ ಎಲ್ಲಿದೆ ಎಂದು ನಿಮಗೆ ಗೊತ್ತೇ? ನನ್ನ ಊಹೆಯಲ್ಲಿ, ಶಾಸಕರ ಕಚೇರಿಯಿಂದ ‘ಸೂಕ್ತ ಕ್ರಮಕ್ಕಾಗಿ’ ಎಂಬ ಒಕ್ಕಣೆಯೊಂದಿಗೆ ಜಿಲ್ಲಾಡಳಿತಕ್ಕೆ ಹೋಗಿ, ಕಾಯ್ದೆ ತಿದ್ದುವ ಅಧಿಕಾರವೇ ಇಲ್ಲದ ಯಾವುದೋ ಮೇಜಿನ ಮೇಲೆ ಮಲಗಿದೆ. ನಾನಿರುವ ಕಟ್ಟಡದ ಸಂಘ ಹಿಂದೊಮ್ಮೆ ಇಂಥದೇ ಮನವಿಯನ್ನು ಸಂಬಂಧವಿಲ್ಲದ ಇಲಾಖೆಗೆ ಕಳಿಸಿತ್ತು. ಎಂಟು ತಿಂಗಳ ನಂತರ ಅದು ‘ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಮೊಹರು ಹೊತ್ತು, ನಾವು ಕಳಿಸಿದ ಲಕೋಟೆಯಲ್ಲೇ ವಾಪಸು ಬಂದಿತು. ಕರಡು ಬರೆದವನು ನಾನೇ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಯಾರ ಕೈಯಲ್ಲಿ ಏನಿದೆ ಎಂಬುದು ಮೊದಲು ತಿಳಿಯಬೇಕು. ಸ್ಥಳೀಯ ಆಡಳಿತ, ಭೂಮಿ, ಸಹಕಾರ ಸಂಘಗಳು ಸಂವಿಧಾನದ ರಾಜ್ಯಪಟ್ಟಿಯಲ್ಲಿವೆ. ಆ ಬಗೆಗಿನ ತಿದ್ದುಪಡಿ ಬೆಂಗಳೂರಿನಲ್ಲಿ ಅಥವಾ ಬೆಳಗಾವಿಯ ಅಧಿವೇಶನದಲ್ಲಿ ಆಗಬೇಕು. ರೇರಾ ಸಂಸತ್ತಿನ ಕಾಯ್ದೆ. ಅದರ ಮೂಲ ಪಠ್ಯವನ್ನು ತಿದ್ದುವ ಹಾದಿ ದೆಹಲಿಗೆ ಹೋಗುತ್ತದೆ, ಆದರೆ ರಾಜ್ಯ ಸರ್ಕಾರ 2017ರಲ್ಲಿ ಮಾಡಿದ ನಿಯಮಗಳನ್ನು ತಿದ್ದುವ ಹಾದಿ ವಿಧಾನಸೌಧಕ್ಕೇ ಹೋಗುತ್ತದೆ. ನಿಮ್ಮ ಬೇಡಿಕೆ ಕಾಯ್ದೆಯ ತಿದ್ದುಪಡಿಯೋ ನಿಯಮದ ತಿದ್ದುಪಡಿಯೋ ಎಂಬ ಪ್ರಶ್ನೆ ಇದರಿಂದ ಹುಟ್ಟುತ್ತದೆ, ಮತ್ತು ಹೆಚ್ಚಿನ ಅಭಿಯಾನಗಳು ಇದನ್ನು ಕೇಳಿಕೊಳ್ಳುವುದೇ ಇಲ್ಲ. ಕಾಯ್ದೆಯನ್ನು ತಿದ್ದಲು ಮಸೂದೆ ಬೇಕು, ಎರಡೂ ಸದನಗಳ ಒಪ್ಪಿಗೆ ಬೇಕು, ರಾಜ್ಯಪಾಲರ ಅಂಕಿತ ಬೇಕು. ನಿಯಮವನ್ನು ಇಲಾಖೆಯೇ ತಿದ್ದಬಹುದು. ಸಾಮಾನ್ಯವಾಗಿ ಅದರ ಕರಡನ್ನು ಕರ್ನಾಟಕ ರಾಜ್ಯಪತ್ರದಲ್ಲಿ ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ ಮತ್ತು ಸಲಹೆಗಳಿಗೆ ದಿನ ಗೊತ್ತುಮಾಡುತ್ತಾರೆ. ಆ ಅವಧಿಯೊಳಗೆ ಬಂದ ಲಿಖಿತ ಸಲಹೆಗೆ ಕಡತದಲ್ಲಿ ಜಾಗ ಸಿಗುತ್ತದೆ. ಅವಧಿ ಮುಗಿದ ಮರುದಿನ ಸಾವಿರ ಜನರ ಮೆರವಣಿಗೆ ಹೋದರೂ ಅದಕ್ಕೆ ಆ ಕಡತದಲ್ಲಿ ಜಾಗವಿಲ್ಲ. ರಾಜ್ಯಪತ್ರದ ಮೇಲೆ ಕಣ್ಣಿಡುವ ಒಬ್ಬ ನಿವೃತ್ತ ನೌಕರರು ನಿಮ್ಮ ಬಡಾವಣೆಯಲ್ಲಿ ಖಂಡಿತ ಇರುತ್ತಾರೆ. ಅವರಿಗೆ ಈ ಕೆಲಸ ಒಪ್ಪಿಸಿ.

ಕಡತ ಯಾವ ಇಲಾಖೆಯಲ್ಲಿದೆ, ತಿದ್ದುಪಡಿಯ ಪ್ರಸ್ತಾವವೇನಾದರೂ ಬಾಕಿಯಿದೆಯೇ, ಹಿಂದೆ ಯಾರಾದರೂ ಸಲಹೆ ಕೊಟ್ಟಿದ್ದಾರೆಯೇ ಎಂಬುದನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದ ಒಂದು ಅರ್ಜಿಯಿಂದ ತಿಳಿಯಬಹುದು. 30 ದಿನದೊಳಗೆ ಉತ್ತರ ಕೊಡಬೇಕು. ಮೆರವಣಿಗೆಯ ಬ್ಯಾನರಿಗಿಂತ ಇದು ಅಗ್ಗ.

ಇನ್ನು ಜನಪ್ರತಿನಿಧಿಗಳ ವಿಷಯ. ವಿಧಾನಸಭೆಯ 224 ಸದಸ್ಯರಲ್ಲಿ ರಾಯಚೂರು ಜಿಲ್ಲೆಯಿಂದ 7, ಕೊಪ್ಪಳದಿಂದ 5, ಈಗಿನ ಬಳ್ಳಾರಿ ಜಿಲ್ಲೆಯಿಂದ 5 ಮಂದಿ ಇದ್ದಾರೆ. ಒಬ್ಬ ಶಾಸಕರ ಬಾಗಿಲಲ್ಲಿ ಕಾದು ಕುಳಿತ ನೀವು ಉಳಿದ 16 ಬಾಗಿಲುಗಳನ್ನು ತಟ್ಟಿಲ್ಲ. 75 ಸದಸ್ಯರ ವಿಧಾನ ಪರಿಷತ್ತನ್ನಂತೂ ಎಲ್ಲರೂ ಮರೆಯುತ್ತಾರೆ. ಈಶಾನ್ಯ ಪದವೀಧರರ ಕ್ಷೇತ್ರದ ಮತದಾರರಲ್ಲಿ ನಿಮ್ಮ ಬಡಾವಣೆಯ ಬ್ಯಾಂಕ್ ನೌಕರರು, ಉಪನ್ಯಾಸಕರು, ಎಂಜಿನಿಯರುಗಳೂ ಇರಬಹುದು. ಸ್ಥಳೀಯ ಸಂಸ್ಥೆಗಳ ಕ್ಷೇತ್ರದ ಸದಸ್ಯರನ್ನು ಆರಿಸುವವರಲ್ಲಿ ನಿಮ್ಮ ವಾರ್ಡಿನ ಸದಸ್ಯರೂ ಸೇರಿದ್ದಾರೆ. ಪರಿಷತ್ತಿನ ಸದಸ್ಯರಿಗೆ ರಸ್ತೆ, ಚರಂಡಿಯ ಒತ್ತಡ ಕಡಿಮೆ, ಮಸೂದೆಯನ್ನು ಓದಲು ಕೂರುವ ಪುರುಸೊತ್ತು ಹೆಚ್ಚು. ಅವರಿಗೆ ಕಾಯ್ದೆ ತನ್ನಿ ಎಂದು ಹೇಳುವುದಕ್ಕಿಂತ, ಸದನದಲ್ಲಿ ಕೇಳಬಹುದಾದ, ಸಚಿವರು ಅಲ್ಲಿಯೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದ ಒಂದು ಚುಕ್ಕೆ ಗುರುತಿನ ಪ್ರಶ್ನೆಯನ್ನು ಸಿದ್ಧಪಡಿಸಿ ಕೊಡಿ: ರಾಜ್ಯದಲ್ಲಿ ಎಷ್ಟು ಅಪಾರ್ಟ್‌ಮೆಂಟುಗಳು 1972ರ ಕಾಯ್ದೆಯಡಿ ಘೋಷಣಾ ಪತ್ರ ನೋಂದಾಯಿಸಿವೆ, ಜಿಲ್ಲಾವಾರು ವಿವರವೇನು? ಇಂಥ ಪ್ರಶ್ನೆಗೆ ಉತ್ತರಿಸಲು ಇಲಾಖೆ ಲೆಕ್ಕ ತೆಗೆಯಲೇಬೇಕು. ಆ ಲೆಕ್ಕವೇ ನಿಮ್ಮ ಮುಂದಿನ ಮನವಿಯ ಮೊದಲ ಸಾಲಾಗುತ್ತದೆ. ಪ್ರಶ್ನೆಯ ಸೂಚನೆಯನ್ನು ಅಧಿವೇಶನಕ್ಕೆ ಸಾಕಷ್ಟು ಮೊದಲೇ ಕೊಡಬೇಕಾದ್ದರಿಂದ ಬೆಳಗಾವಿ ಅಧಿವೇಶನ ಆರಂಭವಾದ ಮೇಲೆ ಬಸ್ಸು ಹತ್ತಿದರೆ ಪ್ರಯೋಜನವಿಲ್ಲ. ಸದನದ ಅರ್ಜಿಗಳ ಸಮಿತಿಗೂ ಸದಸ್ಯರೊಬ್ಬರ ಮೂಲಕ ಅರ್ಜಿ ಸಲ್ಲಿಸುವ ದಾರಿಯಿದೆ. ಮಸೂದೆಯೊಂದು ಎರಡೂ ಸದನಗಳ ಸದಸ್ಯರಿರುವ ಜಂಟಿ ಪರಿಶೀಲನಾ ಸಮಿತಿಗೆ ಹೋದರೆ ಅದು ನಿಮ್ಮ ಪಾಲಿಗೆ ಸುಗ್ಗಿ. ಸದನದಲ್ಲಿ ಗದ್ದಲದ ನಡುವೆ ಕೈಯೆತ್ತಿ ಮುಗಿಯಬಹುದಾಗಿದ್ದ ಕಲಮುಗಳನ್ನು ಅಲ್ಲಿ ಒಂದೊಂದಾಗಿ ಓದುತ್ತಾರೆ.

ಮನವಿಯ ರೂಪದ ಬಗ್ಗೆಯೂ ಒಂದು ಮಾತು. 300 ಸಹಿಗಳ ಕೆಳಗೆ ನೀವು ಬರೆದ ಪತ್ರದ ಪ್ರತಿಯನ್ನು ಓದಿದೆ. ಮೂರು ಪುಟಗಳಲ್ಲಿ ‘ಅನ್ಯಾಯ’ ಎಂಬ ಪದ ಹನ್ನೊಂದು ಬಾರಿ ಬಂದಿದೆ, ಕಾಯ್ದೆಯ ಪ್ರಕರಣದ ಸಂಖ್ಯೆ ಒಂದೂ ಇಲ್ಲ. ಒಂದೇ ಪುಟ ಬರೆಯಿರಿ. ಎಡಗಡೆ ಕಾಯ್ದೆಯಲ್ಲಿ ಈಗಿರುವ ವಾಕ್ಯ, ಬಲಗಡೆ ನಿಮಗೆ ಬೇಕಾದ ವಾಕ್ಯ, ಕೆಳಗೆ ಮೂರು ಕಟ್ಟಡಗಳ ನೈಜ ಅನುಭವವನ್ನು ರಸೀದಿ ಮತ್ತು ತಾರೀಖಿನೊಂದಿಗೆ ಕೊಡಿ. ಸಹಿ ಮಾಡುವವರು ಮನೆ ಸಂಖ್ಯೆಯನ್ನೂ ಸಂಘದ ಠರಾವಿನ ದಿನಾಂಕವನ್ನೂ ಬರೆಯಲಿ. ಸರ್ವಸದಸ್ಯರ ಸಭೆಯ ನಡಾವಳಿ ಲಗತ್ತಿಸಿದ ಹತ್ತು ಸಂಘಗಳ ಪತ್ರ, ಜಾತ್ರೆಯಲ್ಲಿ ಸಂಗ್ರಹಿಸಿದ ಸಾವಿರ ಸಹಿಗಿಂತ ಭಾರ.

ನಮ್ಮ ಭಾಗಕ್ಕೆ ಈ ವಿದ್ಯೆ ಹೊಸದೇನಲ್ಲ. ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ಬೇಕೆಂಬ ಹೋರಾಟದಲ್ಲಿ ವೈಜನಾಥ ಪಾಟೀಲರಂಥವರು ಬರೀ ಹಿಂದುಳಿದಿದ್ದೇವೆ ಎಂದು ಹೇಳಿಕೊಂಡು ಕೂರಲಿಲ್ಲ. ಶಿಕ್ಷಣ, ಉದ್ಯೋಗಗಳಲ್ಲಿ ಸ್ಥಳೀಯರಿಗೆ ಅವಕಾಶ ಕಾಯ್ದಿಡಲು ಸಂವಿಧಾನದಲ್ಲಿ ಆಂಧ್ರಕ್ಕೆ ಇರುವ 371-ಡಿ ವಿಧಿಯ ಮಾದರಿ ನಮಗೂ ಬೇಕು ಎಂದು ವಿಧಿಯ ಸಂಖ್ಯೆ ಹಿಡಿದೇ ಕೇಳಿದರು. ನಡುವೆ ದೆಹಲಿಯಿಂದ ‘ಸಾಧ್ಯವಿಲ್ಲ’ ಎಂಬ ಉತ್ತರವೂ ಬಂದಿತ್ತು. 2012ರ ಡಿಸೆಂಬರಿನಲ್ಲಿ ಸಂಸತ್ತು 98ನೇ ತಿದ್ದುಪಡಿಗೆ ಒಪ್ಪಿಗೆ ಕೊಟ್ಟು, ನಮ್ಮ ಭಾಗಕ್ಕೆ ಆ ವಿಶೇಷ ಸ್ಥಾನ ಕೊಡುವ 371-ಜೆ ವಿಧಿ ಬರುವ ಹೊತ್ತಿಗೆ ದಶಕಗಳೇ ಕಳೆದಿದ್ದವು. ನಿಮಗಾಗಿರುವುದು ಒಂದು ವರ್ಷ.

ಅಂದಹಾಗೆ, ನಿಮ್ಮ ಮೂಲ ದೂರಿನ ಬಗ್ಗೆ: ಬಿಲ್ಡರು ದಾಖಲೆ ಹಸ್ತಾಂತರಿಸದಿದ್ದರೆ ರೇರಾ ಪ್ರಾಧಿಕಾರದ ಮುಂದೆ ದೂರು ಕೊಡುವ ಹಕ್ಕು ಈಗಾಗಲೇ ನಿಮ್ಮ ಸಂಘಕ್ಕಿದೆ. ಮೊದಲು ಅದನ್ನು ಬಳಸಿ ನೋಡಿ. ಅಲ್ಲಿ ಏನಾಯಿತು, ಎಷ್ಟು ದಿನ ಹಿಡಿಯಿತು, ಆದೇಶ ಬಂದ ಮೇಲೂ ಜಾರಿಯಾಯಿತೇ ಎಂಬ ದಾಖಲೆ ಇಲ್ಲದೆ ಕಾಯ್ದೆ ಸಾಲದು ಎಂದರೆ ಯಾವ ಅಧಿಕಾರಿಯೂ ನಂಬುವುದಿಲ್ಲ.

ಪ್ರಶ್ನೆ: ನಮ್ಮ ಖಾಸಗಿ ಬಡಾವಣೆಯ ನಕ್ಷೆಯಲ್ಲಿ ಉದ್ಯಾನವೆಂದು ತೋರಿಸಿದ ಜಾಗಕ್ಕೆ ಬಡಾವಣೆ ಮಾಡಿದವರೇ ತಂತಿಬೇಲಿ ಹಾಕಿ, ನಿವೇಶನ ಮಾಡಿ ಮಾರುವ ಸಿದ್ಧತೆಯಲ್ಲಿದ್ದಾರೆ. ಉದ್ಯಾನ ರಕ್ಷಣೆಗೆ ಕಾಯ್ದೆ ತರಬೇಕೆಂದು ಮಹಿಳೆಯರೆಲ್ಲ ಸೇರಿ ಪತ್ರ ಚಳವಳಿ ಆರಂಭಿಸಬೇಕೆಂದಿದ್ದೇವೆ.
— ನಿವೃತ್ತ ಶಿಕ್ಷಕಿ, ಕೊಪ್ಪಳ

ಉತ್ತರ: ಪತ್ರಗಳನ್ನು ಬರೆಯಿರಿ, ಆದರೆ ಕಾಯ್ದೆಗಾಗಿ ಬೇಡ. ಕಾಯ್ದೆ ಬರುವ ಹೊತ್ತಿಗೆ ಅಲ್ಲಿ ಮನೆ ಎದ್ದಿರುತ್ತದೆ. ಬಡಾವಣೆಯ ನಕ್ಷೆಗೆ ಅನುಮೋದನೆ ಕೊಡುವುದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ. ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ರಕ್ಷಣೆಗೆಂದೇ 1985ರಲ್ಲಿ ಪ್ರತ್ಯೇಕ ಕಾಯ್ದೆ ಬಂದಿದೆ. ಕೊಪ್ಪಳದ ನಗರಾಭಿವೃದ್ಧಿ ಪ್ರಾಧಿಕಾರದಿಂದ ಅನುಮೋದಿತ ನಕ್ಷೆಯ ದೃಢೀಕೃತ ಪ್ರತಿಯನ್ನೂ, ರಸ್ತೆ ಮತ್ತು ಉದ್ಯಾನಗಳನ್ನು ಬಿಟ್ಟುಕೊಟ್ಟ ಪತ್ರದ ಪ್ರತಿಯನ್ನೂ ಈ ವಾರವೇ ಪಡೆಯಿರಿ. ಬಿಟ್ಟುಕೊಟ್ಟ ಪತ್ರ ಇದ್ದರೆ ಆ ಜಾಗ ಸ್ಥಳೀಯ ಸಂಸ್ಥೆಯದು, ಬೇಲಿ ತೆಗೆಸುವುದು ಅದರ ಕರ್ತವ್ಯ. ಪತ್ರವೇ ಆಗಿಲ್ಲವೆಂದರೆ ಅದು ಹೇಗೆ ತಪ್ಪಿತು ಎಂದು ಬರಹದಲ್ಲಿ ಕೇಳಿ. ಬಡಾವಣೆಯ ಭೂಮಿ 500 ಚದರ ಮೀಟರ್‌ಗಿಂತ ಹೆಚ್ಚಿದ್ದು, 2017ರ ಮೇ ನಂತರದ್ದಾಗಿದ್ದರೆ ರೇರಾ ನೋಂದಣಿಯನ್ನೂ ಪರಿಶೀಲಿಸಿ. ಆ ಕಾಯ್ದೆ ಫ್ಲ್ಯಾಟುಗಳಿಗಷ್ಟೇ ಅಲ್ಲ, ನಿವೇಶನಗಳಿಗೂ ಅನ್ವಯಿಸುತ್ತದೆ.

ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಿ ಬಂದರೆ ಧೈರ್ಯಕ್ಕೆ ಒಂದು ತೀರ್ಪು ಜೊತೆಗಿರಲಿ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ಹೋರಾಡಿದರು. 1991ರಲ್ಲಿ ಸುಪ್ರೀಂ ಕೋರ್ಟ್, ಬೆಂಗಳೂರು ಮೆಡಿಕಲ್ ಟ್ರಸ್ಟ್ ಮೊಕದ್ದಮೆಯಲ್ಲಿ, ಹಾಗೆ ಕೊಟ್ಟದ್ದು ತಪ್ಪೆಂದಿತು; ಉದ್ಯಾನದ ವಿಷಯದಲ್ಲಿ ನಿವಾಸಿಗಳಿಗೆ ಪ್ರಶ್ನಿಸುವ ಹಕ್ಕಿದೆ ಎಂದೂ ಒಪ್ಪಿತು. ಕೊಪ್ಪಳ ಮತ್ತು ಬಳ್ಳಾರಿಯವರಿಗೆ ಉಚ್ಚ ನ್ಯಾಯಾಲಯದ ಪೀಠ ಧಾರವಾಡದಲ್ಲಿದೆ, ರಾಯಚೂರಿನವರಿಗೆ ಕಲಬುರಗಿಯಲ್ಲಿದೆ.

ಪತ್ರ ಚಳವಳಿಯ ಹುರುಪನ್ನು ಮಾತ್ರ ವ್ಯರ್ಥ ಮಾಡಬೇಡಿ. ನಿಮ್ಮಂಥ ನಿವೇಶನ ಬಡಾವಣೆಗಳ ನಿವಾಸಿ ಸಂಘಕ್ಕೆ ಹೇಳಿ ಮಾಡಿಸಿದ ಕಾಯ್ದೆಯೊಂದು ನಿಜಕ್ಕೂ ಇಲ್ಲ. 1972ರದು ಒಂದರ ಮೇಲೊಂದು ಮನೆಯಿರುವ ಕಟ್ಟಡವನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಬೀದಿದೀಪ, ಕಾವಲು, ಸಮುದಾಯ ಭವನದ ಖರ್ಚನ್ನು ಯಾರು ಯಾವ ಅಧಿಕಾರದಿಂದ ಹಂಚಬೇಕೆಂದು ಬಡಾವಣೆಯವರು ಕೇಳಿದರೆ ಉತ್ತರ ತಡಕಾಡಬೇಕಾಗುತ್ತದೆ. ಉದ್ಯಾನದ ಬೇಲಿ ತೆಗೆಸಿದ ಮೇಲೆ ಅಂಥ ಕಾಯ್ದೆಗಾಗಿ ಬರೆಯಿರಿ.

ಪ್ರಶ್ನೆ: ನನ್ನ ಮಗ ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ ಮನೆ ಕೊಂಡಿದ್ದಾನೆ. ಹುಲ್ಲು ಎತ್ತರ ಬೆಳೆಯಿತೆಂದು ಅಲ್ಲಿನ ಮನೆ ಮಾಲೀಕರ ಸಂಘ ದಂಡ ಹಾಕಿತಂತೆ. ಇಂಥ ಸಂಘಗಳ ವಿರುದ್ಧ ಜನರೇ ಕಾನೂನು ಮಾಡಿಸಿದ್ದಾರೆ ಎನ್ನುತ್ತಾನೆ. ನಿಜವೇ? ನಮಗೇನಾದರೂ ಪಾಠವಿದೆಯೇ?
— ಹತ್ತಿ ವ್ಯಾಪಾರಿ, ರಾಯಚೂರು

ಉತ್ತರ: ನಿಜ. ಆದರೆ ಅಲ್ಲಿನ ಜಗಳದ ಮುಖ ನಮ್ಮದಕ್ಕಿಂತ ತಿರುಗುಮುರುಗು. ಇಲ್ಲಿ ಸಂಘಕ್ಕೆ ಬಲವಿಲ್ಲವೆಂದು ನಾವು ಅಳುತ್ತೇವೆ. ಅಲ್ಲಿ ಸಂಘಕ್ಕೆ ಬಲ ವಿಪರೀತವೆಂದು ಮನೆಯವರು ಅಳುತ್ತಾರೆ. ಟೆಕ್ಸಸ್‌ನಲ್ಲಿ ಕೆಲವು ನೂರು ಡಾಲರ್ ಬಾಕಿಗಾಗಿ ವಯಸ್ಸಾದವರ ಮನೆ ಹರಾಜಾದ ಸುದ್ದಿ ಜನರನ್ನು ಕೆರಳಿಸಿದ ಮೇಲೆ, 2001ರ ಕಾಯ್ದೆಯು ಬರೀ ದಂಡದ ಬಾಕಿಗಾಗಿ ಮನೆ ಹರಾಜು ಹಾಕುವುದನ್ನು ತಡೆಯಿತು, ಹರಾಜಾದ ಮನೆಯನ್ನು ಬಿಡಿಸಿಕೊಳ್ಳಲು 180 ದಿನಗಳ ಅವಕಾಶ ಕೊಟ್ಟಿತು. ಮುಂದೆ ಯುದ್ಧಭೂಮಿಯಲ್ಲಿದ್ದ ಸೈನಿಕನ ಮನೆಯೇ ಸಂಘದ ಬಾಕಿಗೆ ಹರಾಜಾದ ಪ್ರಕರಣ ದೇಶವಿಡೀ ಸುದ್ದಿಯಾಯಿತು. 2011ರ ತಿದ್ದುಪಡಿಗಳ ನಂತರ ಇಂಥ ಹರಾಜಿಗೆ ನ್ಯಾಯಾಲಯದ ಆದೇಶ ಅಗತ್ಯವಾಯಿತು. ಕೊಲೊರಾಡೊ ರಾಜ್ಯದ 2022ರ ಕಾಯ್ದೆಯೂ ಬರೀ ದಂಡಕ್ಕಾಗಿ ಮನೆ ಕಿತ್ತುಕೊಳ್ಳುವುದನ್ನು ನಿಲ್ಲಿಸಿ, ಒಂದು ಉಲ್ಲಂಘನೆಯ ದಂಡ 500 ಡಾಲರ್ ಮೀರದಂತೆ ಮಿತಿ ಹಾಕಿತು. ನೋಟಿಸನ್ನು ಮಾಲೀಕರು ಸೂಚಿಸಿದ ಭಾಷೆಯಲ್ಲೂ ಕೊಡಬೇಕೆಂದಿತು. ಫ್ಲೋರಿಡಾದ 2024ರ ಕಾಯ್ದೆ ಸಂಘದ ನಿರ್ದೇಶಕರಿಗೆ ತರಬೇತಿ ಕಡ್ಡಾಯ ಮಾಡಿತು. 100 ಅಥವಾ ಹೆಚ್ಚು ನಿವೇಶನಗಳ ಸಂಘಗಳು 2025ರ ಜನವರಿ 1ರೊಳಗೆ ದಾಖಲೆಗಳನ್ನು ಜಾಲತಾಣದಲ್ಲಿ ಸದಸ್ಯರಿಗೆ ತೆರೆದಿಡಬೇಕೆಂದಿತು. ಕಸ ಒಯ್ಯುವ ಹಿಂದಿನ ಮುಂದಿನ 24 ಗಂಟೆಗಳಲ್ಲಿ ಕಸದ ಡಬ್ಬ ಹೊರಗಿದ್ದರೆ ದಂಡ ಹಾಕಬಾರದು ಎಂದೂ ಅದರಲ್ಲಿದೆ. ಕಸದ ಡಬ್ಬಕ್ಕೂ ಶಾಸನಸಭೆ ಕೂರಬೇಕಾಯಿತೇ ಎಂದು ನಗಬಹುದು. ಆದರೆ ಬೇಡಿಕೆ ಎಷ್ಟು ನಿರ್ದಿಷ್ಟವಾಗಿತ್ತು ಎಂಬುದನ್ನು ನೋಡಿ.

ಇನ್ನೊಂದು ಮಗ್ಗುಲನ್ನೂ ಹೇಳಬೇಕು. 1973ರಲ್ಲಿ ಹುಟ್ಟಿದ ಕಮ್ಯುನಿಟಿ ಅಸೋಸಿಯೇಷನ್ಸ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ ಅಲ್ಲಿ ಬಲವಾಗಿದೆ. ಸಂಘಗಳನ್ನು ನಡೆಸುವ ಮ್ಯಾನೇಜರುಗಳು, ವಕೀಲರು ಅದರಲ್ಲಿದ್ದಾರೆ. ರಾಜ್ಯ ರಾಜ್ಯಗಳಲ್ಲಿ ಶಾಸನದ ಮೇಲೆ ಕಣ್ಣಿಡುವ ಸಮಿತಿಗಳನ್ನೇ ಅದು ಇಟ್ಟುಕೊಂಡಿದೆ. ಸಂಬಳ ಪಡೆದು ವರ್ಷವಿಡೀ ಶಾಸನಸಭೆಯ ಪಡಸಾಲೆಯಲ್ಲಿ ನಿಲ್ಲುವವರ ಎದುರು, ರಜೆ ಹಾಕಿ ಬಂದು ಸಮಿತಿಯ ಮುಂದೆ ಎರಡು ನಿಮಿಷ ಸಾಕ್ಷ್ಯ ಹೇಳುವ ಮನೆಯೊಡೆಯರು ಗೆಲ್ಲುವುದು ಅಪರೂಪ. ಗೆದ್ದಾಗಲೆಲ್ಲ ಅವರ ಕೈಯಲ್ಲಿ ತಮ್ಮದೇ ಮನೆಯ ನೋಟಿಸು, ರಸೀದಿ ಇದ್ದವು. ಬಿಗಿ ಕಾಯ್ದೆಯೆಂದರೆ ಸಂಘವನ್ನು ಕಟ್ಟಿಹಾಕುವುದಷ್ಟೇ ಎಂದೂ ತಿಳಿಯಬೇಡಿ. 2021ರ ಜೂನ್ 24ರಂದು ಫ್ಲೋರಿಡಾದ ಸರ್ಫ್‌ಸೈಡ್‌ನಲ್ಲಿ 12 ಅಂತಸ್ತಿನ ವಸತಿ ಕಟ್ಟಡ ಕುಸಿದು 98 ಜನ ಸತ್ತರು. ದುರಸ್ತಿಯ ಹಣಕ್ಕಾಗಿ ಅಲ್ಲಿನ ಮಾಲೀಕರ ನಡುವೆ ವರ್ಷಗಟ್ಟಲೆ ಎಳೆದಾಟ ನಡೆದಿತ್ತು. ಮರುವರ್ಷ ಬಂದ ಕಾಯ್ದೆಯು ಮೂರು ಅಂತಸ್ತು ಮತ್ತು ಮೇಲ್ಪಟ್ಟ ಇಂಥ ಕಟ್ಟಡಗಳಿಗೆ 30 ವರ್ಷವಾದಾಗ ತಪಾಸಣೆಯನ್ನೂ, ದುರಸ್ತಿಗೆ ಮೀಸಲು ನಿಧಿಯನ್ನೂ ಕಡ್ಡಾಯ ಮಾಡಿತು. ಅಲ್ಲಿ ದುರಸ್ತಿಯನ್ನು ಮುಂದೂಡಲು ಬಯಸಿದ್ದವರು ನಿವಾಸಿಗಳೇ ಆಗಿದ್ದರು.

ನಿಮ್ಮ ಮಗನಿಗೆ ಹೇಳಿ: ಹುಲ್ಲು ಕತ್ತರಿಸಲಿ, ಆಮೇಲೆ ದಂಡದ ನೋಟಿಸಿನಲ್ಲಿ ವಿಚಾರಣೆ ಕೋರುವ ಹಕ್ಕನ್ನು ತಿಳಿಸಿದ್ದಾರೆಯೇ ಎಂದು ನೋಡಲಿ.

ಪ್ರಶ್ನೆ: ನಮ್ಮ ಸಂಘದ ಅಧ್ಯಕ್ಷರು ಒಂಬತ್ತು ವರ್ಷಗಳಿಂದ ಬದಲಾಗಿಲ್ಲ. ಸಭೆಯಿಲ್ಲ, ಲೆಕ್ಕವಿಲ್ಲ. ಈಗ ಅವರೇ ನಿವಾಸಿಗಳ ಹಕ್ಕಿನ ಕಾಯ್ದೆಗಾಗಿ ಹೋರಾಟ ಎಂದು ನಮ್ಮೆಲ್ಲರ ಹೆಸರಿನಲ್ಲಿ ಮನವಿ ಕೊಡುತ್ತಿದ್ದಾರೆ.
— ಗೃಹಿಣಿ, ಗಂಗಾವತಿ

ಉತ್ತರ: ಬೇಲಿಯೇ ಎದ್ದು ಹೊಲ ಮೇಯ್ದರೆ ಹೊಲದ ಹೆಸರಿನಲ್ಲಿ ಫಿರ್ಯಾದು ಕೊಡುವ ಹಕ್ಕು ಬೇಲಿಗಿರುವುದಿಲ್ಲ. ಸರ್ವಸದಸ್ಯರ ಸಭೆಯ ಠರಾವಿಲ್ಲದೆ ಕೊಟ್ಟ ಮನವಿ ಅವರೊಬ್ಬರ ಅಭಿಪ್ರಾಯ. ಸಂಘವು 1960ರ ಕಾಯ್ದೆಯಡಿ ಇದ್ದರೆ ವಾರ್ಷಿಕ ಸಭೆ ನಡೆಸುವುದೂ, ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪತ್ರವನ್ನು ನೋಂದಣಾಧಿಕಾರಿಗೆ ಸಲ್ಲಿಸುವುದೂ ಕಡ್ಡಾಯ. ಅವು ಸಲ್ಲಿಕೆಯಾಗಿವೆಯೇ ಎಂದು ಮೊದಲು ಆ ಕಚೇರಿಯಲ್ಲಿ ಪರಿಶೀಲಿಸಿ. ಸದಸ್ಯರಲ್ಲಿ ಮೂರನೇ ಒಂದು ಭಾಗದಷ್ಟು ಜನ ಸಹಿ ಮಾಡಿದರೆ 25ನೇ ಪ್ರಕರಣದಡಿ ವಿಚಾರಣೆ ಕೋರಬಹುದು. ಸಂಘದ ಹೋರಾಟಕ್ಕೆ ಇದು ಅಡ್ಡಿಯಾಗುವುದಿಲ್ಲವೇ ಎಂದು ನಿಮಗೆ ಅನಿಸಬಹುದು. ಆಗುತ್ತದೆ, ಕೆಲವು ತಿಂಗಳು. ಆದರೂ ಮೊದಲು ಇದನ್ನೇ ಮಾಡಿ. ಬಿಲ್ಡರುಗಳ ಲೆಕ್ಕ ಕೇಳಲು ಹೊರಟವರ ಲೆಕ್ಕವನ್ನು ಎದುರು ಪಕ್ಷದ ವಕೀಲರು ಮೊದಲ ದಿನವೇ ಕೇಳುತ್ತಾರೆ.

ಪ್ರಶ್ನೆ: ಬೇಡಿಕೆ ಈಡೇರದಿದ್ದರೆ ಮತದಾನ ಬಹಿಷ್ಕಾರ ಎಂದು ಬಡಾವಣೆಯ ಬಾಗಿಲಿಗೆ ಬ್ಯಾನರ್ ಕಟ್ಟಬಹುದೇ?
— ಯುವಕ ಸಂಘ, ಬಳ್ಳಾರಿ

ಉತ್ತರ: ಕಟ್ಟಬೇಡಿ. ಮತ ಹಾಕದ ಬಡಾವಣೆಯನ್ನು ಯಾವ ಅಭ್ಯರ್ಥಿಯೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬೇಕಿದ್ದರೆ ಎಲ್ಲ ಅಭ್ಯರ್ಥಿಗಳನ್ನೂ ಒಂದೊಂದು ದಿನ ಕರೆದು, ಒಂದೇ ಪ್ರಶ್ನೆ ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆದು, ಗೆದ್ದವರಿಗೆ ಅದರ ಪ್ರತಿ ಕಳಿಸಿ.

ಪ್ರಶ್ನೆ: ಮನವಿಯನ್ನು ಇಂಗ್ಲಿಷಿನಲ್ಲಿ ಬರೆದರೆ ತೂಕ ಹೆಚ್ಚು ಎಂದು ನಮ್ಮ ಕಟ್ಟಡದ ಕೆಲವರ ವಾದ. ಉಪವಿಧಿಗಳೂ ಇಂಗ್ಲಿಷಿನಲ್ಲೇ ಇವೆ.
— ಸಂಘದ ಖಜಾಂಚಿ, ಕೊಪ್ಪಳ

ಉತ್ತರ: 1963ರ ರಾಜಭಾಷಾ ಕಾಯ್ದೆಯ ಪ್ರಕಾರ ರಾಜ್ಯದ ಆಡಳಿತ ಭಾಷೆ ಕನ್ನಡ. ಕಡತದ ಟಿಪ್ಪಣಿಯನ್ನು ಬರೆಯುವ ವಿಷಯ ನಿರ್ವಾಹಕರು ಕನ್ನಡದಲ್ಲಿ ಬರೆಯುತ್ತಾರೆ. ನಿಮ್ಮ ವಾಕ್ಯ ಕನ್ನಡದಲ್ಲಿ ಅಚ್ಚುಕಟ್ಟಾಗಿದ್ದರೆ ಅದೇ ಟಿಪ್ಪಣಿಗೆ ಇಳಿಯುತ್ತದೆ. ತಿದ್ದಬೇಕಾದ ಕಾಯ್ದೆಯ ವಾಕ್ಯವನ್ನು ಮಾತ್ರ ಮೂಲ ಪಠ್ಯದಲ್ಲಿರುವಂತೆಯೇ ಉದ್ಧರಿಸಿ. ಉಪವಿಧಿಗಳ ಮಾತು ಬೇರೆ: ನಿಮ್ಮ ಕಟ್ಟಡದ 20 ಮನೆಗಳಲ್ಲಿ ಅವನ್ನು ಪೂರ್ತಿ ಓದಿದವರು ಇಬ್ಬರೇ ಎಂದು ನೀವೇ ಬರೆದಿದ್ದೀರಿ. ಬೇರೆ ಅಭಿಯಾನಗಳಿಗೆ ಹೊರಡುವ ಮೊದಲು ಅವುಗಳ ಕನ್ನಡ ಪ್ರತಿಯೊಂದನ್ನು ಸಿದ್ಧಪಡಿಸಿ ಮನೆಮನೆಗೆ ಹಂಚಿ. ಶುಲ್ಕ ಬಾಕಿ ಉಳಿಸಿಕೊಂಡವರ ಮನೆಗೆ ಎರಡು ಪ್ರತಿ.